ಆಹಾರ ಭದ್ರತೆ ಅಳೆಯುವುದು ಹೇಗೆ? ಕಾಸರಗೋಡಿನಲ್ಲಿ ಮನೆಮನೆ ಸಮೀಕ್ಷೆಗೆ ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ವಾರ್ಡ್ ಮಟ್ಟದಲ್ಲಿ ಮನೆಮನೆಗೆ ಹೋಗಿ ಕೇಳುವವರಿಗಾಗಿ ಇದನ್ನು ಬರೆದಿದ್ದೇನೆ. ಕುಟುಂಬಶ್ರೀ ಸದಸ್ಯೆಯರು, ಅಂಗನವಾಡಿ ಟೀಚರ್‌ಗಳು, ಆಶಾ ಕಾರ್ಯಕರ್ತೆಯರು, ಕಾಲೇಜು ಮಕ್ಕಳು ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ ಕಡೆಯ ಕನ್ನಡಿಗರಿಗೂ ಕೆಲವು ಉತ್ತರ ಉಪಯೋಗಕ್ಕೆ ಬಂದೀತು.

ಆಹಾರ ಭದ್ರತೆ ಅಂದರೆ ಮನೆಯಲ್ಲಿ ಅಕ್ಕಿ ಇರುವುದು, ಅಷ್ಟೇ ಅಲ್ವಾ?

ಅಷ್ಟೇ ಅಲ್ಲ. 1996ರಲ್ಲಿ ರೋಮ್‌ನಲ್ಲಿ ವಿಶ್ವ ಆಹಾರ ಶೃಂಗಸಭೆ ನಡೆಯಿತು. ಎಲ್ಲ ಜನರಿಗೂ, ಎಲ್ಲ ಕಾಲದಲ್ಲೂ, ಆರೋಗ್ಯವಾಗಿ ಬದುಕಲು ಬೇಕಾದಷ್ಟು ಒಳ್ಳೆಯ, ಪೌಷ್ಟಿಕ ಆಹಾರ ಕೈಗೆಟುಕಬೇಕು ಅಂತ ಅಲ್ಲಿ ಒಪ್ಪಿಕೊಂಡರು. ಇದರೊಳಗೆ ನಾಲ್ಕು ಸಂಗತಿ ಇವೆ. ಆಹಾರ ಪೇಟೆಯಲ್ಲಿ ಇರಬೇಕು. ಕೊಳ್ಳಲು ಕೈಯಲ್ಲಿ ಹಣ ಇರಬೇಕು. ತಿಂದದ್ದು ಮೈಗೆ ಹತ್ತಬೇಕು. ಈ ಮೂರೂ ವರ್ಷವಿಡೀ ಇರಬೇಕು.

ನಮ್ಮ ಕಡೆ ಗದ್ದೆಗಳು ತೋಟವಾಗಿ, ಸೈಟಾಗಿ ಎಷ್ಟೋ ಕಾಲ ಆಯಿತು. ಅಕ್ಕಿ ಹೊರಗಿನಿಂದ ಬರುತ್ತದೆ. ಹಾಗಂತ ಅಂಗಡಿಯಲ್ಲಿ ಅಕ್ಕಿಗೆ ಬರ ಇಲ್ಲ. ಕಷ್ಟ ಇರುವುದು ಎರಡನೆಯದರಲ್ಲಿ ಮತ್ತು ನಾಲ್ಕನೆಯದರಲ್ಲಿ: ಕೂಲಿ ಇಲ್ಲದ ದಿನ, ಮಳೆ ಹಿಡಿದ ತಿಂಗಳು. ಮೂರನೆಯದನ್ನು ನಾವು ಮರೆತೇ ಬಿಡುತ್ತೇವೆ. ಬೇಸಿಗೆಯಲ್ಲಿ ಗುಡ್ಡಕ್ಕೆ ಅಡ್ಡವಾಗಿ ತೋಡಿದ ಸುರಂಗದ ನೀರು ಬತ್ತಿ, ಸಿಕ್ಕಿದ ನೀರು ಕುಡಿದು ಮಗುವಿಗೆ ಭೇದಿ ಹತ್ತಿದರೆ, ಉಂಡ ಅನ್ನ ಮೈಗೆ ಹತ್ತುವುದಿಲ್ಲ.

ಯಾರ ಮನೆಯಲ್ಲಿ ಕಷ್ಟ ಇದೆ ಅಂತ ಊರಿನವರಿಗೇ ಗೊತ್ತಿರುತ್ತದೆ. ಮತ್ತೆ ಒಂದೇ ಅಳತೆ ಯಾಕೆ?

ಊರಿನವರಿಗೆ ಗೊತ್ತಿರುತ್ತದೆ, ನಿಜ. ಆದರೆ ಪಕ್ಕದ ಊರಿನದ್ದು ಗೊತ್ತಿರುವುದಿಲ್ಲ. ಎಣ್ಮಕಜೆಯವರು "ನಮ್ಮಲ್ಲಿ ತುಂಬಾ ಕಷ್ಟ" ಅನ್ನುತ್ತಾರೆ, ಬೆಳ್ಳೂರಿನವರೂ ಅದನ್ನೇ ಅನ್ನುತ್ತಾರೆ. ಇರುವ ಹಣ ಒಂದೇ ಕಡೆಗೆ ಸಾಕಾಗುವಷ್ಟು. ಆಗ ಯಾರಿಗೆ ಮೊದಲು? ಅಳತೆ ಇಲ್ಲದಿದ್ದರೆ ಜಾಸ್ತಿ ಕೂಗಿದವರಿಗೆ, ಮೆಂಬರ್ ಹತ್ತಿರದವರಿಗೆ, ಅರ್ಜಿ ಚೆನ್ನಾಗಿ ಬರೆಯಲು ಬಂದವರಿಗೆ. ಕೂಗಲು ಬಾರದವರೇ ಹೆಚ್ಚಾಗಿ ಹಸಿದವರು. ಬುಟ್ಟಿ ಹೆಣೆದು ಬದುಕುವ ಕೊರಗರ ಕಾಲನಿಯಿಂದ ಎಷ್ಟು ಅರ್ಜಿ ಪಂಚಾಯತಿಗೆ ಬರುತ್ತದೆ, ಯೋಚಿಸಿ.

ಇನ್ನೊಂದು ಕಾರಣ ಇದೆ. ಕಳೆದ ವರ್ಷಕ್ಕಿಂತ ಈ ವರ್ಷ ಹೇಗೆ ಅಂತ ಹೇಳಬೇಕಾದರೆ ಎರಡೂ ಸಲ ಅಳೆದ ಕೋಲು ಒಂದೇ ಇರಬೇಕು. ಒಂದು ಸಂಸ್ಥೆ ತಿಂಗಳ ಆದಾಯ ಕೇಳಿ, ಇನ್ನೊಂದು ದಿನಕ್ಕೆ ಎಷ್ಟು ಊಟ ಅಂತ ಕೇಳಿ, ಮೂರನೆಯದು ಮಕ್ಕಳ ತೂಕ ನೋಡಿದರೆ ಮೂರು ವರದಿ ಸಿಗುತ್ತದೆ. ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಲು ಬರುವುದಿಲ್ಲ.

ಅಳತೆಗೋಲು ಎಲ್ಲರದ್ದೂ ಒಂದೇ ಆಗಿರಲಿ, ಆದರೆ ಕೇಳುವ ರೀತಿಯಲ್ಲಿ ಊರಿನ ತಿಳಿವಳಿಕೆ ಇರಲಿ. ಕೆಳಗಿನ ಉತ್ತರಗಳಲ್ಲೆಲ್ಲ ನಾನು ಹೇಳುವುದು ಇದನ್ನೇ.

ಜಗತ್ತಿನಲ್ಲಿ ಅಂಥ ಅಳತೆ ಯಾವುದಾದರೂ ಇದೆಯಾ?

ಇದೆ. ಅದನ್ನು ಐಪಿಸಿ ಅಂತ ಕರೆಯುತ್ತಾರೆ. ಆಹಾರ ಭದ್ರತೆಯನ್ನು ಹಂತಗಳಾಗಿ ವಿಂಗಡಿಸುವ ಸಮಗ್ರ ಪದ್ಧತಿ ಅದು. 2004ರಲ್ಲಿ ಸೊಮಾಲಿಯಾಕ್ಕಾಗಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಘಟಕವೊಂದು ಇದನ್ನು ಮೊದಲು ರೂಪಿಸಿತು. ಅಲ್ಲಿ ಹತ್ತಾರು ಸಂಸ್ಥೆಗಳು ಕೆಲಸ ಮಾಡುತ್ತಿದ್ದವು, ಒಬ್ಬೊಬ್ಬರದ್ದು ಒಂದೊಂದು ವರದಿ. ಎಲ್ಲರೂ ಒಂದೇ ಮಾತಿನಲ್ಲಿ ಮಾತಾಡಲಿ ಅಂತ ಐದು ಹಂತ ಮಾಡಿದರು. ಒಂದು, ತೊಂದರೆ ಇಲ್ಲ. ಎರಡು, ಒತ್ತಡ. ಮೂರು, ಬಿಕ್ಕಟ್ಟು. ನಾಲ್ಕು, ತುರ್ತು ಸ್ಥಿತಿ. ಐದು, ಮಹಾ ವಿಪತ್ತು ಅಥವಾ ಕ್ಷಾಮ. ಮೂರಕ್ಕೆ ಬಂತು ಅಂದರೆ ಕೂಡಲೇ ನೆರವು ಬೇಕು ಅಂತ ಅರ್ಥ.

ಒಂದು ಪ್ರದೇಶದ ಶೇ. 20ರಷ್ಟಾದರೂ ಜನ ಒಂದು ಹಂತದಲ್ಲಿ ಅಥವಾ ಅದಕ್ಕಿಂತ ಕೆಟ್ಟ ಹಂತದಲ್ಲಿ ಇದ್ದರೆ ಇಡೀ ಪ್ರದೇಶಕ್ಕೆ ಆ ಹಂತ ಕೊಡುತ್ತಾರೆ. ನನಗೆ ಇದು ಸರಿ ಅನ್ನಿಸುತ್ತದೆ. ಸರಾಸರಿ ತೆಗೆದರೆ ತೋಟ ಇರುವವರ ಊಟ ಕೂಲಿಯವರ ಹಸಿವನ್ನು ಮುಚ್ಚಿಬಿಡುತ್ತದೆ. ಈ ನಿಯಮದಲ್ಲಿ ಐದರಲ್ಲಿ ಒಬ್ಬರು ಹಸಿದಿದ್ದರೂ ಲೆಕ್ಕಕ್ಕೆ ಬರುತ್ತಾರೆ.

ಪಶ್ಚಿಮ ಆಫ್ರಿಕಾದ ದೇಶಗಳಲ್ಲಿ ಇದರದ್ದೇ ಜಾತಿಯ ಇನ್ನೊಂದು ಪದ್ಧತಿ ಇದೆ. ನಮ್ಮ ದೇಶದಲ್ಲಿ ಸರ್ಕಾರದ ಕೆಲಸ ಐಪಿಸಿ ಮೇಲೆ ನಡೆಯುವುದಿಲ್ಲ. ಆದರೂ ಅದರೊಳಗಿನ ಸಣ್ಣ ಅಳತೆಗಳನ್ನು ಯಾರು ಬೇಕಾದರೂ ಬಳಸಬಹುದು. ಒಂದು ವಾರ್ಡಿಗೂ ಅವು ನಡೆಯುತ್ತವೆ.

ಕ್ಷಾಮ ಅಂತ ಯಾವಾಗ ಹೇಳುತ್ತಾರೆ?

ಮೂರು ಸಂಗತಿ ಒಟ್ಟಿಗೆ ಇದ್ದಾಗ. ಶೇ. 20ರಷ್ಟು ಮನೆಗಳಲ್ಲಿ ಆಹಾರ ಇಲ್ಲವೇ ಇಲ್ಲ ಅನ್ನುವ ಸ್ಥಿತಿ. ಶೇ. 30ಕ್ಕಿಂತ ಹೆಚ್ಚು ಮಕ್ಕಳು ಎತ್ತರಕ್ಕೆ ತಕ್ಕ ತೂಕ ಇಲ್ಲದೆ ಬಡಕಲಾಗಿರುವುದು. ದಿನಕ್ಕೆ 10,000 ಜನರಲ್ಲಿ ಇಬ್ಬರ ಸಾವು. 2011ರಲ್ಲಿ ಸೊಮಾಲಿಯಾ, 2017ರಲ್ಲಿ ದಕ್ಷಿಣ ಸುಡಾನ್, 2024ರಲ್ಲಿ ಸುಡಾನ್, 2025ರಲ್ಲಿ ಗಾಜಾ, ಇವುಗಳ ಕೆಲವು ಭಾಗಗಳು ಈ ಮಟ್ಟಕ್ಕೆ ಹೋದವು. ಆ ಪದ ಬರುವ ಹೊತ್ತಿಗೆ ಸಾವಿರಾರು ಜನ ಸತ್ತಾಗಿರುತ್ತದೆ. ಅದಕ್ಕೇ ಎರಡು, ಮೂರನೆಯ ಹಂತದಲ್ಲಿ ಗುರುತಿಸುವುದು ಮುಖ್ಯ.

ನಮ್ಮ ದೇಶದಲ್ಲಿ ಇಂಥ ಅಳತೆ ಮೊದಲು ಇರಲಿಲ್ವಾ?

ಇತ್ತು, ಐಪಿಸಿಗಿಂತ ನೂರು ವರ್ಷ ಮೊದಲೇ. 1876–78ರ ಭೀಕರ ಬರದ ನಂತರ ಬ್ರಿಟಿಷರು ಆಯೋಗ ನೇಮಿಸಿದರು. ಅದರ ವರದಿ 1880ರಲ್ಲಿ ಬಂತು, 1883ರಲ್ಲಿ ಕ್ಷಾಮ ಸಂಹಿತೆಯ ಕರಡು ಬಂತು. ಧಾನ್ಯದ ಬೆಲೆ ಏರುವುದು, ಜನ ಊರು ಬಿಟ್ಟು ಅಲೆಯುವುದು ಮುಂತಾದ ಮುನ್ಸೂಚನೆಗಳನ್ನು ಅಧಿಕಾರಿಗಳು ಗಮನಿಸಬೇಕಿತ್ತು. ಅನುಮಾನ ಬಂದರೆ ಕಡಿಮೆ ಕೂಲಿಯ ಕಾಮಗಾರಿ ಶುರು ಮಾಡಿ ನೋಡುತ್ತಿದ್ದರು. ಅಷ್ಟು ಕಡಿಮೆ ಕೂಲಿಗೂ ಜನ ಮುಗಿಬಿದ್ದರೆ ಕಷ್ಟ ನಿಜ ಅಂತ ತೀರ್ಮಾನ. ಕಟುವಾದ ಪರೀಕ್ಷೆ ಅದು, ಆದರೂ ಅಳತೆ ಅಳತೆಯೇ.

ಆದರೆ 1943ರಲ್ಲಿ ಬಂಗಾಳದಲ್ಲಿ ಸಂಹಿತೆ ಇದ್ದೂ ಕ್ಷಾಮ ಅಂತ ಸರ್ಕಾರ ಘೋಷಿಸಲೇ ಇಲ್ಲ. ಲಕ್ಷಗಟ್ಟಲೆ ಜನ ಸತ್ತರು. ಅಳೆಯುವವರೂ ಘೋಷಿಸುವವರೂ ಒಬ್ಬರೇ ಆದರೆ ಏನಾಗಬಹುದು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಐಪಿಸಿಯಲ್ಲಿ ಸರ್ಕಾರ, ವಿಶ್ವಸಂಸ್ಥೆ, ಸ್ವಯಂಸೇವಾ ಸಂಸ್ಥೆಗಳು ಒಂದೇ ಮೇಜಿನಲ್ಲಿ ಕೂತು ತೀರ್ಮಾನಕ್ಕೆ ಬರಬೇಕು ಅಂತ ನಿಯಮ ಇರುವುದು ಇದೇ ಭಯಕ್ಕೆ.

ಜತ್ತ, ಅಕ್ಕಲಕೋಟೆಯವರಿಗೆ ಪೈಸೇವಾರಿ ಗೊತ್ತಿರುತ್ತದೆ. ಬೆಳೆ 50 ಪೈಸೆಗಿಂತ ಕಡಿಮೆ, ಅಂದರೆ ಮಾಮೂಲಿನ ಅರ್ಧಕ್ಕಿಂತ ಕಡಿಮೆ ಬಂದ ಊರನ್ನು ಬರದ ಪಟ್ಟಿಗೆ ಸೇರಿಸುವ ಹಳೆಯ ಪದ್ಧತಿ. ಅದು ಹೊಲ ಅಳೆಯುತ್ತದೆ, ತಟ್ಟೆ ಅಳೆಯುವುದಿಲ್ಲ. ಹೊಲ ಇಲ್ಲದೆ ಕಬ್ಬು ಕಡಿಯಲು ಹೋಗುವ ಕುಟುಂಬ ಅದರಲ್ಲಿ ಎಲ್ಲೂ ಕಾಣಿಸುವುದಿಲ್ಲ.

ಸರಿ, ಒಂದು ಮನೆಯನ್ನು ಅಳೆಯುವುದು ಹೇಗೆ?

ಹೆಚ್ಚು ಬಳಕೆಯಲ್ಲಿರುವುದು ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದ ಆಹಾರ ಸೇವನೆ ಅಂಕ. ಕಳೆದ ಏಳು ದಿನಗಳಲ್ಲಿ ಯಾವ ಆಹಾರವನ್ನು ಎಷ್ಟು ದಿನ ತಿಂದಿರಿ ಅಂತ ಕೇಳುತ್ತಾರೆ. ಎಷ್ಟು ಸಲ ಅಂತಲ್ಲ, ಎಷ್ಟು ದಿನ. ಪ್ರತಿಯೊಂದಕ್ಕೂ ಒಂದು ತೂಕ ಇದೆ. ಅನ್ನ, ಗೋಧಿ, ಗೆಣಸಿನಂಥವಕ್ಕೆ 2. ಬೇಳೆಕಾಳಿಗೆ 3. ತರಕಾರಿಗೆ 1, ಹಣ್ಣಿಗೆ 1. ಮೀನು, ಮಾಂಸ, ಮೊಟ್ಟೆಗೆ 4. ಹಾಲು, ಮೊಸರಿಗೆ 4. ಸಕ್ಕರೆಗೆ ಅರ್ಧ, ಎಣ್ಣೆಗೆ ಅರ್ಧ. ದಿನವನ್ನು ತೂಕದಿಂದ ಗುಣಿಸಿ ಕೂಡಿಸಬೇಕು. 21ರ ತನಕ ಕಳಪೆ, 35ರ ತನಕ ಅಂಚಿನಲ್ಲಿ, ಅದರ ಮೇಲೆ ಪರವಾಗಿಲ್ಲ.

ಕುಂಬಳೆ ಕಡೆಯ ಒಂದು ಬೀಡಿ ಕಟ್ಟುವ ಮನೆ ಅಂತ ಇಟ್ಟುಕೊಂಡು ಲೆಕ್ಕ ಮಾಡೋಣ. ಕುಚ್ಚಲಕ್ಕಿ ಗಂಜಿಯೋ ಅನ್ನವೋ ಏಳೂ ದಿನ ಇದೆ: 14. ಬೇಳೆ ಒಂದು ದಿನ: 3. ತರಕಾರಿ ನಾಲ್ಕು ದಿನ: 4. ಹಣ್ಣು ಇಲ್ಲ. ಬೂತಾಯಿ ಎರಡು ದಿನ: 8. ಚಹಾಕ್ಕೆ ಸಕ್ಕರೆ ಏಳು ದಿನ: 3.5. ತೆಂಗಿನೆಣ್ಣೆ ಏಳು ದಿನ: 3.5. ಒಟ್ಟು 36. ಅಂದರೆ ಪರವಾಗಿಲ್ಲ ಅನ್ನುವ ಪಟ್ಟಿಯಲ್ಲಿ ಈ ಮನೆ ಬರುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಿ. ಎಣ್ಣೆ, ಸಕ್ಕರೆ ಹೆಚ್ಚುಕಮ್ಮಿ ಎಲ್ಲ ಮನೆಯಲ್ಲೂ ದಿನಾ ಬಳಸುವ ಕಡೆ ಗಡಿಗಳನ್ನು 28 ಮತ್ತು 42ಕ್ಕೆ ಏರಿಸಬೇಕು ಅಂತ ವಿಶ್ವ ಆಹಾರ ಕಾರ್ಯಕ್ರಮದ ಕೈಪಿಡಿಯಲ್ಲೇ ಇದೆ. ಯಾಕಂದರೆ ಅವೆರಡರಿಂದಲೇ 7 ಅಂಕ ಎಲ್ಲರಿಗೂ ಸುಮ್ನೆ ಸಿಕ್ಕಿಬಿಡುತ್ತದೆ. ತೆಂಗಿನ ನಾಡಾದ ಕಾಸರಗೋಡಿಗೆ ಏರಿಸಿದ ಗಡಿಯೇ ಸರಿ. ಆಗ ಇದೇ 36 ಅಂಕದ ಮನೆ ಅಂಚಿನ ಪಟ್ಟಿಗೆ ಬರುತ್ತದೆ.

ಆ ಎರಡು ದಿನದ ಮೀನು ನಿಜವಾಗಿ ಏನಾಗಿತ್ತು? ಗಂಜಿಗೆ ನಂಜಿಕೊಳ್ಳಲು ಸುಟ್ಟ ಒಣಮೀನಿನ ಒಂದು ಚೂರು ಆಗಿದ್ದರೆ ಅದನ್ನು ಮೀನು ಅಂತ ಬರೆಯಬಾರದು. ರುಚಿಗೆ ಹಾಕಿದ್ದು ಅಂತ ಬರೆಯಬೇಕು. ಅದಕ್ಕೆ ತೂಕ ಸೊನ್ನೆ. ಆಗ ಒಟ್ಟು 28. ಕಳಪೆ. ಮನೆ ಅದೇ, ವಾರ ಅದೇ. ಬದಲಾದದ್ದು ಬರೆದುಕೊಂಡವರ ಕೈ. ಹೀಗಾಗಿಯೇ ಕೆಲಸ ಶುರು ಮಾಡುವ ಮೊದಲು ಎಲ್ಲರೂ ಕೂತು ಇಂಥ ಪ್ರಶ್ನೆಗಳನ್ನು ತೀರ್ಮಾನಿಸಿ ಬರೆದಿಡಬೇಕು. ಹಲಸಿನ ಗುಜ್ಜೆ ಪಲ್ಯ ಮಾಡಿದರೆ ತರಕಾರಿಯೋ ಹಣ್ಣೋ? ಮರಗೆಣಸು ಎಲ್ಲಿ? ಜೀಗುಜ್ಜೆ ಎಲ್ಲಿ? ತೆಂಗಿನಕಾಯಿ ಚಟ್ನಿ ಎಲ್ಲಿ? ಉತ್ತರ ಏನೇ ಇರಲಿ, ಎಲ್ಲರದ್ದೂ ಒಂದೇ ಆಗಿರಲಿ.

ಚಹಾಕ್ಕೆ ಹಾಕುವ ಹಾಲು ಲೆಕ್ಕಕ್ಕೆ ಬರುತ್ತದಾ?

ಬರುವುದಿಲ್ಲ. ಅದೂ ರುಚಿಯ ಲೆಕ್ಕ, ಸೊನ್ನೆ. ನಮ್ಮ ಕಡೆ ಜಾಸ್ತಿ ತಪ್ಪಾಗುವುದು ಇಲ್ಲಿಯೇ. ಏಳು ದಿನ ಹಾಲು ಅಂತ ಬರೆದರೆ 28 ಅಂಕ ಸೇರಿ, ಮೇಲಿನ ಮನೆಯ 36 ಒಮ್ಮೆಗೇ 64 ಆಗುತ್ತದೆ. ಮಗುವಿಗೆ ಒಂದು ಲೋಟ ಹಾಲು ಕೊಟ್ಟರಾ, ಮೊಸರು ಅಥವಾ ಮಜ್ಜಿಗೆ ಊಟಕ್ಕೆ ಇತ್ತಾ ಅಂತ ಬಿಡಿಸಿ ಕೇಳಿ.

ತಿಂದದ್ದನ್ನು ಕೇಳಿದರೆ ಸಾಕಲ್ಲ, ಕಷ್ಟವನ್ನೂ ಯಾಕೆ ಕೇಳಬೇಕು?

ಹೊಟ್ಟೆ ತುಂಬಿಸಲು ಏನು ಮಾಡಿದರು ಅನ್ನುವುದರಲ್ಲಿ ಮುಕ್ಕಾಲು ಪಾಲು ಸತ್ಯ ಇರುತ್ತದೆ. ಇದಕ್ಕೆ ಐದು ಪ್ರಶ್ನೆ ಇವೆ. ಆಹಾರ ಅಥವಾ ಆಹಾರ ಕೊಳ್ಳುವ ಹಣ ಸಾಲದ ಕಾರಣಕ್ಕೆ ಕಳೆದ ಏಳು ದಿನಗಳಲ್ಲಿ ಎಷ್ಟು ದಿನ ಹೀಗೆ ಮಾಡಬೇಕಾಯಿತು ಅಂತ ಕೇಳಬೇಕು. ಅಗ್ಗದ, ಇಷ್ಟವಿಲ್ಲದ ಆಹಾರ ತಿಂದದ್ದು, ತೂಕ 1. ನೆರೆಕರೆಯವರಿಂದ, ನೆಂಟರಿಂದ ಕೇಳಿ ತಂದದ್ದು, 2. ಬಡಿಸುವ ಪ್ರಮಾಣ ಕಡಿಮೆ ಮಾಡಿದ್ದು, 1. ಮಕ್ಕಳಿಗೆ ಉಳಿಸಲು ದೊಡ್ಡವರು ಕಡಿಮೆ ತಿಂದದ್ದು, 3. ಹೊತ್ತು ಬಿಟ್ಟದ್ದು, 1. ಒಟ್ಟು 3ರ ತನಕ ಇದ್ದರೆ ಐಪಿಸಿಯ ಮೊದಲ ಹಂತದ ಸೂಚನೆ, 4ರಿಂದ 18 ಎರಡನೆಯದು, 19 ಮತ್ತು ಮೇಲೆ ಇದ್ದರೆ ಮೂರು ಅಥವಾ ಅದಕ್ಕಿಂತ ಕೆಟ್ಟದ್ದು.

ಒಂದು ಮನೆಯಲ್ಲಿ ಐದು ದಿನ ಅಗ್ಗದ ಆಹಾರ (5), ಎರಡು ದಿನ ಕೇಳಿ ತಂದದ್ದು (4), ಮೂರು ದಿನ ಕಡಿಮೆ ಬಡಿಸಿದ್ದು (3), ಒಂದು ದಿನ ಹೊತ್ತು ಬಿಟ್ಟದ್ದು (1). ಮನೆಯ ಯಜಮಾನನನ್ನು ಜಗಲಿಯಲ್ಲಿ ಕೂರಿಸಿ ಕೇಳಿದರೆ ಇಷ್ಟು ಸಿಗುತ್ತದೆ: 13. ಅದೇ ಪ್ರಶ್ನೆಯನ್ನು ಒಳಗೆ ಅಡುಗೆಮನೆಯಲ್ಲಿ ಅಕ್ಕನ ಹತ್ತಿರ ಕೇಳಿ. "ಎರಡು ದಿನ ಮಕ್ಕಳಿಗೆ ಬಡಿಸಿ ನಾನು ತಿಳಿ ಕುಡಿದೆ" ಅಂತಾಳೆ. ಆ ಎರಡು ದಿನಕ್ಕೆ 6. ಒಟ್ಟು 19. ಎರಡನೆಯ ಹಂತದ ಮನೆ ಮೂರನೆಯದಕ್ಕೆ ಬಂತು. ಅವಳು ಉಪವಾಸ ಇದ್ದದ್ದು ಗಂಡನಿಗೂ ಗೊತ್ತಿರಲಿಕ್ಕಿಲ್ಲ. ಹಾಗಾಗಿ ಅಡುಗೆ ಮಾಡುವವರನ್ನೇ, ಸಾಧ್ಯವಾದರೆ ಒಬ್ಬರೇ ಇರುವಾಗ ಕೇಳಿ. ಈ ಒಂದು ಸೂಚನೆಯನ್ನು ಪಾಲಿಸಿದರೆ ಉಳಿದ ಎಷ್ಟೋ ತಪ್ಪು ತಾನಾಗಿ ಸರಿಯಾಗುತ್ತದೆ.

ಅಂಗಡಿಯಲ್ಲಿ ಲೆಕ್ಕ ಬರೆಸಿ ತಿಂಗಳ ಕೊನೆಗೆ ಕೊಡುವುದು "ಕೇಳಿ ತಂದದ್ದು" ಅಲ್ಲ. ಅದು ಇಲ್ಲಿಯ ರೂಢಿ. ಲೆಕ್ಕ ತೀರಿಸಲಾಗದೆ ಅಂಗಡಿಯವರು ಸಾಮಾನು ಕೊಡುವುದು ನಿಲ್ಲಿಸಿದರೆ ಅದನ್ನು ಬೇರೆ ಬರೆದುಕೊಳ್ಳಿ. ಚಿನ್ನ ಅಡವಿಟ್ಟದ್ದು, ಕರೆಯುವ ದನ ಮಾರಿದ್ದು, ಮದ್ದು ನಿಲ್ಲಿಸಿದ್ದು, ಮಗನನ್ನು ಶಾಲೆ ಬಿಡಿಸಿದ್ದು, ಜಾಗ ಮಾರಿದ್ದು: ಇವಕ್ಕೆ ಇನ್ನೊಂದು ಪಟ್ಟಿ ಇದೆ. ಅಡವಿಟ್ಟ ಚಿನ್ನವನ್ನು ಮುಂದೊಂದು ದಿನ ಬಿಡಿಸಬಹುದು. ಮಾರಿದ ಜಾಗ ಮತ್ತೆ ಬರುವುದಿಲ್ಲ. ಪಟ್ಟಿಯಲ್ಲಿ ಮೇಲೆ ಕೆಳಗೆ ಇಟ್ಟಿರುವುದು ಈ ಲೆಕ್ಕದಲ್ಲೇ.

ಆಟಿಯಲ್ಲಿ ತಜಂಕ್, ಕಣಿಲೆ, ಹಲಸಿನ ಬೀಜ ತಿಂದರೆ ಹಸಿವು ಅಂತ ಬರೆಯಬೇಕಾ?

ಕಾಸರಗೋಡಿಗೇ ವಿಶೇಷವಾದ ಪ್ರಶ್ನೆ ಇದು. ಹೊರಗಿನಿಂದ ಬಂದ ಸಮೀಕ್ಷೆಯವರು ಜಾಸ್ತಿ ಎಡವುವುದೂ ಇಲ್ಲೇ.

ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕದ ಆಟಿ, ಮಲಯಾಳದವರ ಕರ್ಕಾಟಕ, ಹಿಂದೆ ನಿಜಕ್ಕೂ ಹಸಿವಿನ ತಿಂಗಳಾಗಿತ್ತು. ಮಳೆ ಬಿಡುವುದಿಲ್ಲ, ಕೆಲಸ ಇಲ್ಲ, ಪತ್ತಾಯದಲ್ಲಿ ಭತ್ತ ಇಲ್ಲ. ಬೇಲಿ ಬದಿಯ ತಜಂಕ್ ಸೊಪ್ಪು, ಬಿದಿರಿನ ಕಣಿಲೆ, ಕೆಸುವಿನ ಎಲೆಯ ಪತ್ರೊಡೆ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಹಲಸಿನ ಬೀಜ ಬೇಯಿಸಿ ಒಣಗಿಸಿದ ಸಾಂತಾಣಿ, ಇವುಗಳಿಂದ ತಿಂಗಳು ದಾಟಿಸುತ್ತಿದ್ದರು. ಈಗ ಇವೇ ತಿನಿಸುಗಳನ್ನು ಆಟಿಯ ಕೂಟಗಳಲ್ಲಿ ಸಾಲಾಗಿ ಇಟ್ಟು ಬಡಿಸುತ್ತಾರೆ, ಹಣ ಕೊಟ್ಟು ಕೊಳ್ಳುತ್ತಾರೆ. ಹಾಗಾಗಿ ತಜಂಕ್ ತಿಂದರು ಅಂದ ಮಾತ್ರಕ್ಕೆ ಏನೂ ಹೇಳಲು ಬರುವುದಿಲ್ಲ.

ಆದರೆ ಪೇಟೆಯ ತರಕಾರಿ ಕೊಳ್ಳಲಾಗದೆ ನಾಲ್ಕು ದಿನ ಅದೇ ಸೊಪ್ಪಿನಲ್ಲಿ ಕಳೆದ ಮನೆಯೂ ಪಕ್ಕದಲ್ಲೇ ಇರುತ್ತದೆ. ಎರಡನ್ನೂ ಬೇರೆ ಮಾಡುವುದು ಪ್ರಶ್ನೆಯ ಮೊದಲ ಅರ್ಧ: "ಆಹಾರ ಅಥವಾ ಹಣ ಸಾಲದ ಕಾರಣಕ್ಕೆ". ಹತ್ತು ಮನೆ ಆದ ಮೇಲೆ ಬೇಜಾರಾಗಿ ಆ ಅರ್ಧವನ್ನು ನುಂಗಿ, ಬರೀ "ಎಷ್ಟು ದಿನ ಅಗ್ಗದ್ದು ತಿಂದಿರಿ" ಅಂತ ಕೇಳಿದರೆ ಇಡೀ ಅಳತೆ ಕೆಟ್ಟುಹೋಗುತ್ತದೆ. ಪ್ರತಿ ಸಲ, ಪ್ರತಿ ಮನೆಯಲ್ಲಿ ಪೂರ್ತಿ ಓದಿ.

ಬೆಳಗ್ಗೆ ಗಂಜಿ ಉಣ್ಣುವುದೂ ಹಾಗೆಯೇ. ಅದು ಬಡತನದ ಗುರುತು ಅಲ್ಲ.

ಸಮೀಕ್ಷೆ ಯಾವ ತಿಂಗಳಲ್ಲಿ ಮಾಡಬೇಕು?

ಏಳು ದಿನದ ಪ್ರಶ್ನೆ ಏಳೇ ದಿನವನ್ನು ನೋಡುತ್ತದೆ. ಅಡಿಕೆ ಕೊಯ್ಲು, ಸುಲಿಯುವ ಕೆಲಸ ಇರುವಾಗ ಕೇಳಿದರೆ ಊರೆಲ್ಲ ಚೆನ್ನಾಗಿದೆ ಅಂತ ಬರುತ್ತದೆ. ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ತನಕ ಕೇರಳದಲ್ಲಿ 52 ದಿನ ಟ್ರಾಲಿಂಗ್ ನಿಷೇಧ. ಆಗ ಯಾಂತ್ರೀಕೃತ ದೋಣಿಗೆ ಹೋಗುವವರ ಕೈ ಖಾಲಿ. ಕರಾವಳಿಯ ವಾರ್ಡುಗಳನ್ನು ಆ ದಿನಗಳಲ್ಲಿ ಒಮ್ಮೆ ನೋಡಲೇಬೇಕು. ಗುಡ್ಡದ ಕಡೆ ಆಟಿಯಲ್ಲಿ. ವರ್ಷಕ್ಕೆ ಎರಡು ಸಲ, ಒಳ್ಳೆಯ ಕಾಲದಲ್ಲಿ ಒಮ್ಮೆ, ಕೆಟ್ಟ ಕಾಲದಲ್ಲಿ ಒಮ್ಮೆ ಮಾಡಿದರೆ ಒಳ್ಳೆಯದು. ಒಂದೇ ಸಲ ಆಗುವುದಾದರೆ ಕೆಟ್ಟ ಕಾಲವನ್ನೇ ಆರಿಸಿ, ಮುಂದಿನ ವರ್ಷವೂ ಅದೇ ವಾರಕ್ಕೆ ಹೋಗಿ. ರಂಜಾನ್ ತಿಂಗಳು, ಓಣಂ ವಾರ ಬೇಡ. ಆಗಿನ ಊಟ ವರ್ಷದ ಊಟ ಅಲ್ಲ.

ಜತ್ತದ ಕಡೆ ಲೆಕ್ಕವೇ ಬೇರೆ. ಕಬ್ಬಿನ ಹಂಗಾಮಿನಲ್ಲಿ ಹೋದರೆ ಮನೆಯಲ್ಲಿ ಮುದುಕರು, ಸಣ್ಣ ಮಕ್ಕಳು ಮಾತ್ರ ಸಿಗುತ್ತಾರೆ.

ಮಕ್ಕಳ ತೋಳಿನ ಪಟ್ಟಿಯಿಂದ ಏನು ತಿಳಿಯುತ್ತದೆ?

ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಎಡ ತೋಳಿನ ನಡುಭಾಗಕ್ಕೆ ಪಟ್ಟಿ ಸುತ್ತುತ್ತಾರೆ. 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. 11.5ರಿಂದ 12.5ರ ತನಕ ಹಳದಿ. ಬಿಗಿಯಾಗಿ ಎಳೆಯಬೇಡಿ, ಸಡಿಲವಾಗಿಯೂ ಬಿಡಬೇಡಿ. ಕೆಂಪು ಬಂದ ಮಗುವನ್ನು ಪಟ್ಟಿಯಲ್ಲಿ ಬರೆದು ಸುಮ್ಮನೆ ಬರಬಾರದು, ಅದೇ ದಿನ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು ಕೇರಳದಲ್ಲಿ ಶೇ. 23.4, ಮಹಾರಾಷ್ಟ್ರದಲ್ಲಿ 35.2, ದೇಶದಲ್ಲಿ 35.5. ಎತ್ತರಕ್ಕೆ ತಕ್ಕ ತೂಕ ಇಲ್ಲದವರು ಕೇರಳದಲ್ಲಿ 15.8, ಮಹಾರಾಷ್ಟ್ರದಲ್ಲಿ 25.6. ಶೇ. 15 ದಾಟಿದರೆ ಅತಿ ಹೆಚ್ಚು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಮಾಪನ. ಹಾಗಂತ ಕೇರಳದಲ್ಲಿ ತುರ್ತು ಸ್ಥಿತಿ ಇದೆಯಾ? ಇಲ್ಲ. ಒಂದೇ ಅಂಕಿ ಹಿಡಿದು ತೀರ್ಪು ಕೊಡಬಾರದು ಅನ್ನುವುದಕ್ಕೆ ಇದು ಸಾಕ್ಷಿ. ಊಟ, ಕಷ್ಟದ ದಾರಿ, ಮಕ್ಕಳ ಮೈ, ಸಾವಿನ ಲೆಕ್ಕ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಆದರೆ 15.8 ಅನ್ನುವುದನ್ನು ಕೇರಳ ಅಂತ ಹೇಳಿ ಮರೆತುಬಿಡುವುದೂ ತಪ್ಪು.

ಇವತ್ತು ಊಟ ಚೆನ್ನಾಗಿದೆ. ಹಾಗಾದರೆ ಆ ಮನೆಗೆ ಅಪಾಯ ಇಲ್ಲ ಅಂತ ಬರೆಯಬಹುದಾ?

ಬರೆಯಬಾರದು. ಇವತ್ತಿನ ಹಸಿವು ಬೇರೆ, ನಾಳೆ ಬೀಳಬಹುದು ಅನ್ನುವ ಸ್ಥಿತಿ ಬೇರೆ. ಎರಡನೆಯದನ್ನು ದುರ್ಬಲತೆ ಅನ್ನುತ್ತಾರೆ. ಮೂರು ಕೇಳಬೇಕು: ಯಾವ ಪೆಟ್ಟು ಬೀಳಬಹುದು, ಬಿದ್ದರೆ ಎಷ್ಟು ನೋವಾಗುತ್ತದೆ, ತಡೆದುಕೊಳ್ಳಲು ಏನಿದೆ.

2020ರ ಮಾರ್ಚ್ ನೆನಪು ಮಾಡಿಕೊಳ್ಳಿ. ಕೊರೊನಾ ಕಾಲಕ್ಕೆ ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿದರು. ಆಸ್ಪತ್ರೆಗೆ, ಪೇಟೆಗೆ, ಕೆಲಸಕ್ಕೆ ಮಂಗಳೂರನ್ನೇ ನಂಬಿದ್ದ ಮಂಜೇಶ್ವರದ ಜನ ಒಂದೇ ದಿನದಲ್ಲಿ ಕತ್ತರಿಸಿ ಬಿದ್ದ ಹಾಗಾದರು. ಹಿಂದಿನ ವಾರ ಅವರ ಆಹಾರ ಸೇವನೆ ಅಂಕ ತೆಗೆದಿದ್ದರೆ ಏನೂ ಕಾಣುತ್ತಿರಲಿಲ್ಲ. ಗಡಿ ಜಿಲ್ಲೆಯ ದುರ್ಬಲತೆಯನ್ನು ರಾಜ್ಯದ ಮಾಮೂಲು ಫಾರಂ ಹಿಡಿಯುವುದಿಲ್ಲ. ನಿಮ್ಮ ಕೂಲಿ, ಮದ್ದು, ಸಾಮಾನು ಗಡಿ ದಾಟಿ ಬರುತ್ತದಾ ಅಂತ ಒಂದು ಪ್ರಶ್ನೆ ನಾವೇ ಸೇರಿಸಬೇಕು.

ಎಂಡೋಸಲ್ಫಾನ್ ಬಾಧಿತ ಊರುಗಳಲ್ಲಿ ಇನ್ನೊಂದು ಬಗೆ ಇದೆ. 1970ರ ದಶಕದ ಕೊನೆಯಿಂದ 2000ದ ತನಕ ಗೇರು ತೋಟಗಳಿಗೆ ಈ ಕೀಟನಾಶಕವನ್ನು ಆಕಾಶದಿಂದ ಸಿಂಪಡಿಸಿದರು. ಹಾಸಿಗೆ ಹಿಡಿದ ಮಗ ಅಥವಾ ಮಗಳು ಇರುವ ಮನೆಯಲ್ಲಿ ಅಮ್ಮ ಕೂಲಿಗೆ ಹೋಗುವ ಹಾಗಿಲ್ಲ. ಪಿಂಚಣಿ ಬಂದ ತಿಂಗಳು ಊಟ ಸರಿ ಇರುತ್ತದೆ, ತಡವಾದ ತಿಂಗಳು ಇರುವುದಿಲ್ಲ. ಆರೈಕೆಗೆ ಯಾರು ಮನೆಯಲ್ಲೇ ಉಳಿಯಬೇಕು ಅನ್ನುವ ಪ್ರಶ್ನೆ ಇಲ್ಲದ ಫಾರಂ ಇಂಥ ಮನೆಯನ್ನು ಅರ್ಥ ಮಾಡಿಕೊಳ್ಳುವುದಿಲ್ಲ.

ರೇಷನ್ ಕಾರ್ಡಿನ ಬಣ್ಣ ನೋಡಿದರೆ ಸಾಕಲ್ವಾ?

ಕೇರಳದಲ್ಲಿ ಹಳದಿ ಕಾರ್ಡ್ ಅಂತ್ಯೋದಯ, ಗುಲಾಬಿ ಆದ್ಯತೆಯವರದ್ದು, ನೀಲಿ ಮತ್ತು ಬಿಳಿ ಆದ್ಯತೆ ಇಲ್ಲದವರದ್ದು. ಹಳದಿಗೆ ಮನೆಗೆ 35 ಕಿಲೋ, ಗುಲಾಬಿಗೆ ತಲೆಗೆ 5 ಕಿಲೋ ಧಾನ್ಯ. 2013ರ ಆಹಾರ ಭದ್ರತಾ ಕಾಯ್ದೆಯ ಮೇಲೆ ನಿಂತ ವ್ಯವಸ್ಥೆ ಇದು, ಕೇರಳದಲ್ಲಿ 2016ರ ನವೆಂಬರಿನಿಂದ ಜಾರಿಗೆ ಬಂತು.

ಒಂದು ಎಕರೆಗಿಂತ ಜಾಸ್ತಿ ಜಾಗ, 1,000 ಚದರ ಅಡಿಗಿಂತ ದೊಡ್ಡ ಮನೆ, ಸ್ವಂತಕ್ಕೆ ನಾಲ್ಕು ಚಕ್ರದ ವಾಹನ, ತಿಂಗಳಿಗೆ 25,000ಕ್ಕಿಂತ ಹೆಚ್ಚು ಆದಾಯ ಇದ್ದರೆ ಆದ್ಯತೆ ಕಾರ್ಡ್ ಸಿಗುವುದಿಲ್ಲ. ಅಜ್ಜನ ಕಾಲದ ಹಂಚಿನ ಮನೆ, ಅರ್ಧ ಕುಸಿದಿದೆ, ಅಳೆದರೆ 1,000 ಅಡಿ ದಾಟುತ್ತದೆ. ಅಂಥ ಮನೆಯಲ್ಲಿ ಒಬ್ಬರೇ ಇರುವ ಅಜ್ಜಿಯ ಕೈಯಲ್ಲಿ ಬಿಳಿ ಕಾರ್ಡ್. ಕಾರ್ಡ್ ಸೌಲಭ್ಯದ ದಾಖಲೆ, ಹಸಿವಿನ ಅಳತೆ ಅಲ್ಲ. ಬಣ್ಣ ಬರೆದುಕೊಳ್ಳಿ, ಆದರೆ ಅದರ ಮೇಲೆ ಮನೆ ಆರಿಸಬೇಡಿ. ಕೊನೆಗೆ ಬಣ್ಣವನ್ನೂ ಅಂಕವನ್ನೂ ಪಕ್ಕಪಕ್ಕ ಇಟ್ಟರೆ ತಪ್ಪಿಹೋದವರು ಯಾರು ಅಂತ ಕಾಣುತ್ತದೆ. ಸಮೀಕ್ಷೆಯಿಂದ ಸಿಗುವ ದೊಡ್ಡ ಲಾಭ ಅದು.

ಕೇರಳ ಅತಿ ಬಡತನದಿಂದ ಮುಕ್ತ ಅಂತ ಘೋಷಣೆ ಆಯಿತಲ್ಲ, ಇನ್ನು ಯಾಕೆ ಅಳೆಯಬೇಕು?

ಆಹಾರ, ಆರೋಗ್ಯ, ಆದಾಯ, ವಸತಿ ಈ ನಾಲ್ಕನ್ನು ನೋಡಿ ರಾಜ್ಯದಲ್ಲಿ 64,006 ಕುಟುಂಬಗಳನ್ನು ಗುರುತಿಸಿದರು. ಒಂದೊಂದು ಕುಟುಂಬಕ್ಕೂ ಪ್ರತ್ಯೇಕ ಯೋಜನೆ ಮಾಡಿದರು. 2025ರ ನವೆಂಬರ್ 1ರಂದು ಘೋಷಣೆ ಆಯಿತು. ಮನೆಮನೆಗೆ ಹೋಗಿ ಗುರುತಿಸಿದ್ದು ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಮಾನದಂಡ, ಅಂಕಿಅಂಶ ತೋರಿಸಿ ಅಂತ ಹಲವು ಅರ್ಥಶಾಸ್ತ್ರಜ್ಞರು ಕೇಳಿದ್ದೂ ನ್ಯಾಯವೇ. ಪಟ್ಟಿ ಒಂದು ದಿನದ್ದು. ದುಡಿಯುವ ಗಂಡ ತೆಂಗಿನ ಮರದಿಂದ ಬಿದ್ದರೆ ಒಂದು ಮನೆ ಮರುದಿನವೇ ಆ ಸ್ಥಿತಿಗೆ ಬರುತ್ತದೆ. ಅಳೆಯುವುದನ್ನು ನಿಲ್ಲಿಸಿದರೆ ಆ ಮನೆ ಯಾರಿಗೂ ಕಾಣುವುದಿಲ್ಲ.

ಯಾವ ಭಾಷೆಯಲ್ಲಿ ಕೇಳಬೇಕು?

ಮನೆಯವರು ಒಳಗೆ ಮಾತಾಡುವ ಭಾಷೆಯಲ್ಲಿ. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಯಾವುದೂ ಇರಬಹುದು. ಫಾರಂ ಮಲಯಾಳದಲ್ಲಿ ಮಾತ್ರ ಇದ್ದು, ಕೇಳುವವರು ಬಾಗಿಲಲ್ಲಿ ನಿಂತು ತಮಗೆ ತೋಚಿದ ಹಾಗೆ ಕನ್ನಡಕ್ಕೆ ಹೇಳಿದರೆ ಮನೆಗೊಂದು ಪ್ರಶ್ನೆ ಆಗುತ್ತದೆ. ಮೊದಲೇ ಕೂತು ಕನ್ನಡದಲ್ಲಿ, ತುಳುವಿನಲ್ಲಿ ಬರೆದಿಟ್ಟುಕೊಂಡು, ನಾಲ್ಕು ಮನೆಯಲ್ಲಿ ಕೇಳಿ ನೋಡಿ ಸರಿ ಮಾಡಿಕೊಳ್ಳಿ. ಕನ್ನಡ ಫಾರಂ ಕೇಳುವುದು ಭಾಷಾ ಅಲ್ಪಸಂಖ್ಯಾತರ ಹಕ್ಕು. ಸಂಕೋಚ ಬೇಡ.

ನೆರವು ಸಿಗಲಿ ಅಂತ ಜನ ಕಷ್ಟವನ್ನು ಹೆಚ್ಚಿಸಿ ಹೇಳಿದರೆ?

ಕೆಲವರು ಹೇಳುತ್ತಾರೆ. ಮರ್ಯಾದೆಗೆ ಅಂಜಿ ಕಡಿಮೆ ಹೇಳುವವರು ನನ್ನ ಅಂದಾಜಿನಲ್ಲಿ ಅದಕ್ಕಿಂತ ಜಾಸ್ತಿ. ನೆರವಿನ ಆಸೆ ಹುಟ್ಟಿಸುವ ಮಾತು ಶುರುವಿನಲ್ಲೇ ಆಡಬೇಡಿ. "ನಿಮಗೆ ಕಿಟ್ ಸಿಗುತ್ತದೆ" ಅಂದರೆ ಉತ್ತರ ಕೆಟ್ಟಿತು. ಊಟದ ಅಂಕ ಕಳಪೆ, ಕಷ್ಟದ ಅಂಕ ಸೊನ್ನೆ ಅಂತ ಬಂದರೆ ಮತ್ತೊಮ್ಮೆ ಹೋಗಿ ಕೇಳಿ. ಬೇರೆ ಬೇರೆ ಅಳತೆ ಇಟ್ಟಿರುವುದು ಒಂದನ್ನೊಂದು ಪರೀಕ್ಷಿಸಲಿ ಅಂತಲೇ.

ಕಾರ್ಡ್ ಕರ್ನಾಟಕದ್ದು, ವಾಸ ಮಂಜೇಶ್ವರದಲ್ಲಿ. ಇಂಥವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾ?

ತೆಗೆದುಕೊಳ್ಳಬೇಕು. ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವವರು ಒಂದು ಮನೆ, ಅಷ್ಟೇ. ಕಾರ್ಡ್ ಎಲ್ಲಿಯದ್ದು ಅನ್ನುವುದು ಆಮೇಲಿನ ಮಾತು. ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಯಲ್ಲಿ ಆದ್ಯತೆ ಕಾರ್ಡಿನವರು ಯಾವ ರಾಜ್ಯದ ರೇಷನ್ ಅಂಗಡಿಯಲ್ಲೂ ಬೆರಳಚ್ಚು ಕೊಟ್ಟು ಧಾನ್ಯ ಪಡೆಯಬಹುದು ಅಂತಲೂ ಅವರಿಗೆ ತಿಳಿಸಿ. ಬಾಡಿಗೆ ಕೋಣೆಯಲ್ಲಿರುವ ಹೊರರಾಜ್ಯದ ಕೂಲಿಯವರನ್ನೂ ಬಿಡಬೇಡಿ.

ಉತ್ತರ ಕೊಟ್ಟರೆ ರೇಷನ್ ಕಟ್ ಆಗುತ್ತದೆ ಅಂತ ಹೆದರುತ್ತಾರೆ. ಏನು ಹೇಳಬೇಕು?

ಈ ಸಮೀಕ್ಷೆಗೂ ಕಾರ್ಡಿಗೂ ಸಂಬಂಧ ಇಲ್ಲ ಅಂತ ಮೊದಲೇ ಹೇಳಿ. ಉತ್ತರ ಕೊಡುವುದು ಅವರ ಇಷ್ಟ, ನಡುವೆ ಬೇಡ ಅನ್ನಿಸಿದರೆ ನಿಲ್ಲಿಸಬಹುದು ಅಂತಲೂ ಹೇಳಿ. ಹೆಸರು, ಆಧಾರ್ ನಂಬರ್ ಬರೆದುಕೊಳ್ಳಬೇಡಿ, ಮನೆಗೊಂದು ಸಂಕೇತ ಕೊಟ್ಟರೆ ಸಾಕು. ತುಂಬಿದ ಫಾರಂ ವಾರ್ಡಿನಲ್ಲಿ ಕೈಯಿಂದ ಕೈಗೆ ಹೋಗಬಾರದು. ಕಾರ್ಡಿನ ಬಣ್ಣವೇ ತಪ್ಪಾಗಿದೆ ಅಂತ ಯಾರಾದರೂ ಹೇಳಿದರೆ ಅಕ್ಷಯ ಕೇಂದ್ರದ ಮೂಲಕ ತಾಲೂಕು ಸಪ್ಲೈ ಆಫೀಸಿಗೆ ಅರ್ಜಿ ಹಾಕಲು ತಿಳಿಸಿ. ಅಲ್ಲಿ ಆಗದಿದ್ದರೆ ಜಿಲ್ಲಾ ದೂರು ಪರಿಹಾರ ಅಧಿಕಾರಿ, ಅದರ ಮೇಲೆ ರಾಜ್ಯ ಆಹಾರ ಆಯೋಗ ಇದೆ. ಅರ್ಜಿ ಬರೆಯಲು ಬಾರದವರಿಗೆ ಅಲ್ಲೇ ಕೂತು ಬರೆದುಕೊಡಿ.